ಐದು ನಿಮಿಷದ ಪ್ರಮಾಣಪತ್ರ

ಒಂದೆಲಗ, ಬ್ರಾಹ್ಮಿ, ಅಶ್ವಗಂಧಾದಿ ಮೂಲಿಕೆಗಳ ಸಾರವನ್ನು ಇಲಿಗಳಿಗೆ ಕುಡಿಸಿ ನೋಡದ ಹೊರತು ನಮ್ಮ ವೈದ್ಯಪರಂಪರೆಗೆ ಶಾಸ್ತ್ರೀಯ ಮನ್ನಣೆ ದೊರೆಯಲಾರದೆಂದೂ, ಈ ಪ್ರಯೋಗಗಳನ್ನು ಪ್ರಶ್ನಿಸುವವರೆಲ್ಲ ವಿಜ್ಞಾನದ್ರೋಹಿಗಳೆಂದೂ ಔಷಧಶಾಸ್ತ್ರದ ಪಂಡಿತರು ಗುಡುಗುವುದನ್ನು ಕೇಳುವಾಗ, ಆ ಮನ್ನಣೆ ಎಂತಹುದೆಂದು ಬಲ್ಲವರಿಗೆ ನಗೆಯೂ ರೋಷವೂ ಒಟ್ಟಿಗೇ ಬಾರದಿರವು.

ಪರೀಕ್ಷೆಯ ವೈಭವವನ್ನಾದರೂ ನೋಡಿರಿ. ನೆಲದಿಂದ ಅರ್ಧ ಮೀಟರು ಎತ್ತರದಲ್ಲಿ ಕೂಡುವ ಚಿಹ್ನೆಯಾಕಾರದ ಒಂದು ಹಲಗೆ; ಅದರ ಎರಡು ತೋಳುಗಳಿಗೆ ಗೋಡೆಯುಂಟು, ಎರಡಕ್ಕಿಲ್ಲ. ಗಂಟಲಿಗೆ ಮೊಂಡುಸೂಜಿಯಿಳಿಸಿ ಹೊಟ್ಟೆಗೆ ಸಾರವನ್ನೆರೆದ ಬಿಳಿಯ ಇಲಿಯನ್ನು ಅದರ ನಡುವೆ ಬಿಟ್ಟು, ಐದು ನಿಮಿಷಗಳಲ್ಲಿ ಅದು ಎಷ್ಟು ಸಲ ಬಯಲು ತೋಳಿಗೆ ಬಂತು, ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕವಿಟ್ಟು, ಆತಂಕ ತಗ್ಗಿಸುವ ಡಯಾಜೆಪಾಮ್ ಕೊಟ್ಟ ಇಲಿಗಳೊಡನೆ ಹೋಲಿಸಿ, ಹೋಲಿಕೆ ಕಂಡೊಡನೆ ಮೂಲಿಕೆ ಚಿಂತಾಹರವೆಂದು ಸಾರುವುದೇ ಇಡೀ ವಿಧಿ. ಮಗಳ ಮದುವೆಯ ಯೋಚನೆಯಿಂದಲೋ ಕಂತು ತಪ್ಪಿದ ಸಾಲದಿಂದಲೋ ತಿಂಗಳುಗಟ್ಟಲೆ ನಿದ್ದೆಗೆಟ್ಟ ಗೃಹಸ್ಥನ ಪಾಲಿಗೆ, ಐದು ನಿಮಿಷ ಬಯಲಿಗಿಣುಕಿದ ಇಲಿಯ ಸಾಕ್ಷ್ಯವೇ ಪರಮ ಪ್ರಮಾಣ!

1985ರಿಂದ ಪ್ರಚಾರಕ್ಕೆ ಬಂದ ಈ ಪರೀಕ್ಷೆ ಡಯಾಜೆಪಾಮಿನ ಕುಲದ ಔಷಧಗಳನ್ನು ಚೆನ್ನಾಗಿ ಗುರುತಿಸುತ್ತದೆ. ವೈದ್ಯರು ಇಂದು ದೀರ್ಘಕಾಲದ ಆತಂಕಕ್ಕೆ ಮೊದಲು ಬರೆದುಕೊಡುವ ಎಸ್‌ಎಸ್‌ಆರ್‌ಐ ಗುಳಿಗೆಗಳನ್ನಾಗಲಿ ಬಸ್ಪಿರೋನನ್ನಾಗಲಿ ಒಮ್ಮೆ ಗುರುತಿಸಿದರೆ ಮತ್ತೊಮ್ಮೆ ಕೈಬಿಡುತ್ತದೆ. ಮನುಷ್ಯರಲ್ಲಿ ಫಲ ಕೊಟ್ಟ ಮದ್ದನ್ನೇ ತಪ್ಪದೆ ಗುರುತಿಸಲಾರದ ಪರೀಕ್ಷಕನು ಒಂದೆಲಗಕ್ಕೆ ಕೊಡುವ ಪ್ರಮಾಣಪತ್ರಕ್ಕೆ ಕಿಮ್ಮತ್ತೇನು? ಆತಂಕಶಮನಕ್ಕೆಂದು ಯೂರೋಪಿನಲ್ಲಿ ಮಾರಾಟವಾಗುತ್ತಿದ್ದ ಕಾವಾ ಬೇರನ್ನು ಜರ್ಮನಿ 2002ರಲ್ಲಿ ಹಿಂತೆಗೆದುದು ರೋಗಿಗಳ ಯಕೃತ್ತು ಕೆಟ್ಟ ವರದಿಗಳಿಂದ. ಐದು ನಿಮಿಷದ ಇಲಿ ಅದನ್ನು ಹೇಳಿರಲಿಲ್ಲ.

ಹಾಗಾದರೆ ಈ ಯಜ್ಞ ಏಕೆ ನಿಲ್ಲದು? ಪದವಿಗೆ ಪ್ರಬಂಧ ಬೇಕು, ಬಡ್ತಿಗೆ ಪ್ರಕಟಣೆ ಬೇಕು, ಎರಡಕ್ಕೂ ಇಲಿ ಬೇಕು. ಎಂ.ಫಾರ್ಮ. ಪ್ರಬಂಧಗಳನ್ನು ತಿರುವಿದರೆ ಎಲೆಯ ಹೆಸರು ಬದಲಾಗುತ್ತದೆಯೇ ಹೊರತು, ಕಿಲೋ ತೂಕಕ್ಕೆ 200 ಮತ್ತು 400 ಮಿ.ಗ್ರಾಂ ಎಂಬ ಪ್ರಮಾಣವಾಗಲಿ, ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯವೆಂಬ ಕೊನೆಯ ವಾಕ್ಯವಾಗಲಿ ಬದಲಾಗುವುದು ಅಪರೂಪ. ಜ್ಞಾನವನ್ನು ಪುಟಗಳಿಂದ ಅಳೆಯುವ ನಮ್ಮ ವಿದ್ಯಾವ್ಯವಸ್ಥೆಯಲ್ಲಿ, ಬೆಲೆ ತೆರುವುದು ಮಾತ್ರ ಮಾತಿಲ್ಲದ ಜೀವ.

ಮಲೆನಾಡಿನಲ್ಲಿ ಒಂದೆಲಗದ ತಂಬುಳಿಯನ್ನು ತಲೆಮಾರುಗಳಿಂದ ಉಣ್ಣುತ್ತಿರುವವರು ಮನುಷ್ಯರು; ಅವರನ್ನು ಕೇಳುವುದಕ್ಕೆ ಏನಡ್ಡಿ? 2012ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು 64 ಮಂದಿ ಸ್ವಯಂಸೇವಕರ ಮೇಲೆಯೇ 60 ದಿನ ಅಶ್ವಗಂಧದ ಬೇರಿನ ಸಾರವನ್ನು ಪರೀಕ್ಷಿಸಿತಲ್ಲವೆ?

ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕೆಂಬ ಆಶಯ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಿಯೇ ಇದೆ. ಆದುದರಿಂದ ಇಂತಹ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಕಾಲೇಜುಗಳ ನೀತಿಸಮಿತಿಯ ಮಾನ್ಯ ಸದಸ್ಯರಲ್ಲಿ ನನ್ನ ಬಿನ್ನಹವಿಷ್ಟೆ: ಮತ್ತೊಂದು ಎಲೆಯ ಅರ್ಜಿ ನಿಮ್ಮ ಮುಂದೆ ಬಂದಾಗ, ಮೊಹರೊತ್ತುವ ಮೊದಲು, ಇದರಿಂದ ಯಾವ ರೋಗಿಗೆ ಏನು ಪ್ರಯೋಜನವೆಂದು ಕೇಳಿರಿ, ಉತ್ತರ ಬಾರದಿದ್ದರೆ ಅರ್ಜಿಯನ್ನು ಹಿಂದಿರುಗಿಸಿರಿ.