ಬಾಸ್ಕ್ ಎನಿಸಿಕೊಳ್ಳಲು ಬಾಸ್ಕ್ ನುಡಿ ಬೇಕೆ?

ಪಿರೆನೀಸ್ ಪರ್ವತಸಾಲಿನ ಪಶ್ಚಿಮದ ತುದಿಯಲ್ಲಿ, ಸ್ಪೇನಿನ ನಾಲ್ಕು ಮತ್ತು ಫ್ರಾನ್ಸಿನ ಮೂರು ಪ್ರಾಂತಗಳಲ್ಲಿ ಹರಡಿಕೊಂಡಿರುವ, ಸುಮಾರು 30 ಲಕ್ಷ ಜನರಿರುವ ಬಾಸ್ಕ್ ನಾಡಿಗೆ ಸ್ವತಂತ್ರ ದೇಶದ ಸ್ಥಾನವಿಲ್ಲ. ಆದರೆ ಬೇರಾವ ಭಾಷೆಯೊಂದಿಗೂ ನಂಟು ಸಾಬೀತಾಗದ ಎವುಸ್ಕರ ಎಂಬ ನುಡಿಯಿದೆ. (ಅದನ್ನು ದ್ರಾವಿಡ ಭಾಷೆಗಳೊಂದಿಗೆ ಬೆಸೆಯಲು ಹೊರಟವರೂ ಇದ್ದರು, ಭಾಷಾಶಾಸ್ತ್ರ ಆ ವಾದವನ್ನು ಪುರಸ್ಕರಿಸಲಿಲ್ಲ.) ವಲಸೆ, ಪ್ರವಾಸೋದ್ಯಮ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಮಾಧ್ಯಮಗಳ ಭರಾಟೆಯ ನಡುವೆ ಈ ಜನರ ರಾಷ್ಟ್ರೀಯ ಅಸ್ಮಿತೆಗೆ ನುಡಿಯೇ ಒರೆಗಲ್ಲಾಗಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪರ

ನುಡಿಯ ಪರವಾದ ವಾದವು ಆ ನುಡಿಯೊಳಗಿನ ಒಂದು ಪದದಿಂದಲೇ ಹೊರಡುತ್ತದೆ. ಬಾಸ್ಕ್ ವ್ಯಕ್ತಿಗೆ ಎವುಸ್ಕರದಲ್ಲಿರುವ ಹಳೆಯ ಹೆಸರು ‘ಎವುಸ್ಕಲ್ದುನ್’. ‘ದುನ್’ ಎಂದರೆ ‘ಉಳ್ಳ’, ಆದ್ದರಿಂದ ಅದರ ನೇರ ಅರ್ಥ ‘ಎವುಸ್ಕರವುಳ್ಳವರು’ ಎಂದೇ. ಈ ಹೆಸರು ಕುಲವನ್ನಾಗಲಿ ಊರನ್ನಾಗಲಿ ಕೇಳುವುದಿಲ್ಲ. ಇದರ ಬೆಲೆ ತಿಳಿಯಬೇಕಾದರೆ 1895ರಲ್ಲಿ ಬಾಸ್ಕ್ ರಾಷ್ಟ್ರೀಯವಾದಿ ಪಕ್ಷವನ್ನು ಕಟ್ಟಿದ ಸಬಿನೊ ಅರಾನಾ ಹಿಡಿದ ದಾರಿಯನ್ನು ನೆನೆಯಬೇಕು. ಅವರು ಬಾಸ್ಕ್‌ತನವನ್ನು ಮನೆತನದ ಹೆಸರುಗಳಿಂದ, ಅಂದರೆ ರಕ್ತದಿಂದ ಅಳೆದರು. ಬಿಲ್ಬಾವೊ ಸುತ್ತಲಿನ ಕಬ್ಬಿಣದ ಗಣಿಗಳಿಗೆ ದುಡಿಯಲು ಬಂದ ಸ್ಪೇನಿನ ಬಡವರನ್ನು ‘ಮಕೆಟೊ’ಗಳೆಂದು ಹೀನಾಯವಾಗಿ ಕಂಡರು. ಸ್ಪ್ಯಾನಿಷ್ ಮಾತನಾಡುವ ಮನೆಯಲ್ಲಿ ಹುಟ್ಟಿ ಎವುಸ್ಕರವನ್ನು ತಾವೇ ಕಲಿತುಕೊಂಡ ಅರಾನಾ ನುಡಿಯನ್ನು ಬಿಟ್ಟು ರಕ್ತವನ್ನು ಆರಿಸಿಕೊಂಡದ್ದು ವಿಚಿತ್ರವೇ ಸರಿ. ರಕ್ತವನ್ನು ಯಾರೂ ಕಲಿಯಲಾರರು, ನುಡಿಯನ್ನು ಕಲಿಯಬಹುದು. ಹಾಗೆ ಕಲಿತವರಿಗೆ ‘ಎವುಸ್ಕಲ್ದುನ್ ಬೆರ್ರಿ’, ಅಂದರೆ ಹೊಸ ಎವುಸ್ಕರಿಗರು ಎಂಬ ಹೆಸರೂ ಇದೆ.

ಕಲಿಯಬಹುದೆಂಬುದು ಬರಿಯ ತತ್ತ್ವವಲ್ಲ. ಸ್ಪೇನಿನ ಫ್ರಾಂಕೊ ಸರ್ವಾಧಿಕಾರದಲ್ಲಿ ಸಾರ್ವಜನಿಕ ಬದುಕಿನಿಂದ ಹೊರದೂಡಲ್ಪಟ್ಟ ನುಡಿಗಾಗಿ ತಂದೆತಾಯಂದಿರೇ ‘ಇಕಸ್ತೋಲ’ ಎಂಬ ಶಾಲೆಗಳನ್ನು ನಡೆಸಿದರು; 1968ರಲ್ಲಿ ಅರಾಂಟ್ಸಾಸುವಿನ ಮಠದಲ್ಲಿ ಸೇರಿದ ಬಾಸ್ಕ್ ಭಾಷಾ ಅಕಾಡೆಮಿಯು ಚದುರಿಹೋಗಿದ್ದ ಉಪಭಾಷೆಗಳಿಂದ ‘ಬಾತುವಾ’ ಎಂಬ ಏಕರೂಪದ ಬರಹ ಭಾಷೆಗೆ ಅಡಿಪಾಯ ಹಾಕಿತು. ಫ್ರಾನ್ಸಿನ ಕಡೆಯವರ ಬಾಯಲ್ಲಿ ಮಾತ್ರ ಉಳಿದಿದ್ದ ‘ಹ’ಕಾರವನ್ನು ಎಲ್ಲರೂ ಬರೆಯಬೇಕೆ ಎಂಬ ಬಗ್ಗೆ ಆಗ ಎದ್ದ ಜಗಳ ವರ್ಷಗಟ್ಟಲೆ ತಣ್ಣಗಾಗಲಿಲ್ಲವಾದರೂ, ಪಠ್ಯಪುಸ್ತಕ, ಪತ್ರಿಕೆ, ದೂರದರ್ಶನಗಳು ನಿಂತಿರುವುದು ಆ ಬುನಾದಿಯ ಮೇಲೆಯೇ. ಸ್ಪೇನಿನೊಳಗಿನ ಮೂರು ಪ್ರಾಂತಗಳ ಸ್ವಾಯತ್ತ ಪ್ರದೇಶದಲ್ಲಿ 1991ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬ ವಯಸ್ಕರಿಗೆ ಎವುಸ್ಕರ ಬರುತ್ತಿತ್ತು. 2021ರ ಹೊತ್ತಿಗೆ ಆ ಪ್ರಮಾಣ ಮೂವರಲ್ಲಿ ಒಬ್ಬರನ್ನು ದಾಟಿತ್ತು.

ಜಾಗತಿಕ ಮಾರುಕಟ್ಟೆ ಯಾವುದನ್ನು ಎತ್ತಿಕೊಂಡು ಹೋಗಬಲ್ಲದು, ಯಾವುದನ್ನು ಒಯ್ಯಲಾರದು ಎಂಬುದನ್ನೂ ಈ ವಾದ ಕೇಳುತ್ತದೆ. 1997ರಲ್ಲಿ ಬಿಲ್ಬಾವೊದಲ್ಲಿ ತೆರೆದ, ಟೈಟೇನಿಯಂ ಹೊದಿಕೆಯ ಗುಗೆನ್‌ಹೈಮ್ ವಸ್ತುಸಂಗ್ರಹಾಲಯವು ಅಮೆರಿಕದ ಸಂಸ್ಥೆಯೊಂದರ ಹೆಸರು ಹೊತ್ತ, ಫ್ರಾಂಕ್ ಗೆರಿಯವರ ವಿನ್ಯಾಸ. ಅಂಥದ್ದು ಬೇರೊಂದು ನಗರದಲ್ಲೂ ಏಳಬಹುದಿತ್ತು. ‘ಬೆರ್ಚೊಲಾರಿ’ ಎಂಬ ಆಶುಕವಿಯ ಕಲೆಯನ್ನು ಹಾಗೆ ಸಾಗಿಸಲಾಗದು. ವೇದಿಕೆಯ ಮೇಲೆ ನಿರ್ವಾಹಕರು ಒಂದು ಸನ್ನಿವೇಶವನ್ನು ಹೇಳುತ್ತಾರೆ. ಕವಿ ಕೆಲವು ಕ್ಷಣ ಮೌನವಾಗಿ ನಿಂತು, ಪದ್ಯದ ಕೊನೆಯ ಮಾತನ್ನು ಮೊದಲು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು, ಅದರತ್ತ ಸಾಗುವ ಪ್ರಾಸಗಳನ್ನು ಹಾಡುತ್ತಲೇ ಹೊಸೆಯುತ್ತಾರೆ. ಕೊನೆಯ ಸಾಲು ಎತ್ತ ವಾಲುತ್ತಿದೆಯೆಂದು ಊಹಿಸಿದ ಸಭಿಕರು ಅದಕ್ಕೆ ದನಿಗೂಡಿಸುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ನಡೆಯುವ ಮಹಾಸ್ಪರ್ಧೆಯ ಅಂತಿಮ ಸುತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುವುದುಂಟು. 2009ರಲ್ಲಿ ಮೈಯಾಲೆನ್ ಲುಹಾಂಬಿಯೊ ಅದನ್ನು ಗೆದ್ದ ಮೊದಲ ಮಹಿಳೆಯಾದರು. ಅನುವಾದಿಸಿದ ಕೂಡಲೇ ಈ ಕಲೆ ಸಾಯುತ್ತದೆ.

ವಿರೋಧ

ವಿರೋಧದ ವಾದವು ಅದೇ ಅಂಕಿಗಳನ್ನು ತಿರುವಿಹಾಕುತ್ತದೆ: ಮೂವರಲ್ಲಿ ಒಬ್ಬರಿಗೆ ಎವುಸ್ಕರ ಬರುತ್ತದೆಂದರೆ ಉಳಿದ ಇಬ್ಬರು ಯಾರು? ಬೀದಿಯಲ್ಲಿ ಜನರಾಡುವ ಮಾತನ್ನು ಕೇಳಿಸಿಕೊಂಡು ನಡೆಸಿದ ಸಮೀಕ್ಷೆಗಳಲ್ಲಿ ಎವುಸ್ಕರದ ಪಾಲು ಇನ್ನೂ ಕಡಿಮೆ, ಇಡೀ ನಾಡಿನಲ್ಲಿ ಸರಿಸುಮಾರು ಎಂಟರಲ್ಲಿ ಒಂದು ಪಾಲು. ಸ್ಪೇನಿನ ಕಡೆಯ ನಾಲ್ಕನೆಯ ಪ್ರಾಂತವಾದ ನವಾರ್‌ನ ದಕ್ಷಿಣ ಭಾಗದಲ್ಲಿ ಶತಮಾನಗಳಿಂದ ನಡೆದುಬಂದಿರುವುದು ಸ್ಪ್ಯಾನಿಷ್; ಬಿಲ್ಬಾವೊದಲ್ಲಿ ಹುಟ್ಟಿ ಸ್ಪ್ಯಾನಿಷಿನಲ್ಲಿ ಬರೆದ ಮಿಗೆಲ್ ದೆ ಉನಾಮುನೊ ಅವರನ್ನೂ, ಸಾನ್ ಸೆಬಾಸ್ಟಿಯನ್‌ನಲ್ಲಿ ಹುಟ್ಟಿ 2016ರಲ್ಲಿ ‘ಪಾತ್ರಿಯಾ’ ಕಾದಂಬರಿ ಕೊಟ್ಟ ಫೆರ್ನಾಂದೊ ಅರಂಬುರು ಅವರನ್ನೂ ಹೊರಗಿಟ್ಟ ಬಾಸ್ಕ್ ಸಂಸ್ಕೃತಿ ತನ್ನ ಕೈಯನ್ನೇ ಕತ್ತರಿಸಿಕೊಂಡಂತೆ. ಉನಾಮುನೊ ಇನ್ನೊಂದು ಹೆಜ್ಜೆ ಮುಂದೆ ಹೋಗಿ 1901ರಲ್ಲಿ ಬಿಲ್ಬಾವೊದ ಸಾಹಿತ್ಯೋತ್ಸವದಲ್ಲಿ, ಆಧುನಿಕ ಚಿಂತನೆಯನ್ನು ಹೊರಲಾರದ ಎವುಸ್ಕರವನ್ನು ಗೌರವದಿಂದ ಮಣ್ಣುಮಾಡುವುದೇ ಲೇಸೆಂದು ವಾದಿಸಿದರು. ಆ ಭವಿಷ್ಯವಾಣಿ ಸುಳ್ಳಾಯಿತು. ಆದರೆ ಎವುಸ್ಕರವನ್ನು ಕಲಿಸುವ ಪೀಠಕ್ಕೆ 1888ರಲ್ಲಿ ಅರಾನಾ ಅವರೊಂದಿಗೆ ಸ್ಪರ್ಧಿಸಿ ಸೋತಿದ್ದ ಈ ಮನುಷ್ಯನನ್ನು ಬಾಸ್ಕ್ ಅಲ್ಲವೆನ್ನುವುದು ಹೇಗೆ? (ಪೀಠ ದಕ್ಕಿದ್ದು ಇಬ್ಬರಿಗೂ ಅಲ್ಲ, ಅಸ್ಕ್ವೆ ಎಂಬ ಪಾದ್ರಿಗೆ.)

ನುಡಿಯ ಬಾಗಿಲು ಎಲ್ಲರಿಗೂ ತೆರೆದಿದೆ ಎಂಬುದು ಅರ್ಧಸತ್ಯ. ವಾಕ್ಯದ ಕಟ್ಟಣೆಯಿಂದ ಕ್ರಿಯಾಪದದ ರೂಪದವರೆಗೆ ಸ್ಪ್ಯಾನಿಷಿಗೆ ಪೂರ್ತಿ ಅಪರಿಚಿತವಾದ ಎವುಸ್ಕರವನ್ನು ವಯಸ್ಕರು ಕೈವಶ ಮಾಡಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಹಗಲು ಶಾಲಾಶಿಕ್ಷಕರಾಗಿದ್ದು ಸಂಜೆ ತರಗತಿಗೆ ಹೋಗುವವರಿಗೂ, ಲ್ಯಾಟಿನ್ ಅಮೆರಿಕದಿಂದ ಬಂದು ವೃದ್ಧರ ಆರೈಕೆಯಲ್ಲಿ ಹಗಲಿರುಳು ಮನೆಯೊಳಗೇ ದುಡಿಯುವ ಹೆಂಗಸಿಗೂ ಆ ಬಾಗಿಲು ಒಂದೇ ಅಗಲದ್ದಲ್ಲ. ಸರ್ಕಾರಿ ಹುದ್ದೆಗೆ ಎವುಸ್ಕರದ ಮಟ್ಟ ನಿಗದಿಯಾದಾಗ ಅಸ್ಮಿತೆಯ ಪ್ರಶ್ನೆ ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ, ಕೆಲವು ನೇಮಕಾತಿಗಳ ಭಾಷಾ ಷರತ್ತುಗಳನ್ನು ನ್ಯಾಯಾಲಯಗಳು ರದ್ದುಮಾಡಿದ್ದೂ ಇದೆ. ಪರವಾದಿಗಳಲ್ಲಿ ಇದಕ್ಕೆ ಇನ್ನೂ ಸಮರ್ಪಕ ಉತ್ತರವಿಲ್ಲ. ರಕ್ತವನ್ನು ಬಿಟ್ಟು ನುಡಿಯನ್ನು ಹಿಡಿದೊಡನೆ ರಾಷ್ಟ್ರೀಯವಾದ ಸೌಮ್ಯವಾಗುತ್ತದೆಂಬ ನಂಬಿಕೆಯೂ ಚರಿತ್ರೆಯೆದುರು ನಿಲ್ಲದು: 1959ರಲ್ಲಿ ಹುಟ್ಟಿದ ‘ಎಟಾ’ ಎಂಬ ಸಶಸ್ತ್ರ ಸಂಘಟನೆ ಅರಾನಾ ಅವರ ರಕ್ತವಾದವನ್ನು ತೊರೆದು ನುಡಿಯನ್ನೇ ರಾಷ್ಟ್ರದ ಜೀವಾಳವೆಂದು ಸಾರಿತ್ತು, 2018ರಲ್ಲಿ ವಿಸರ್ಜನೆಗೊಳ್ಳುವ ಮುನ್ನ ಅದು 800ಕ್ಕೂ ಹೆಚ್ಚು ಜನರನ್ನು ಕೊಂದಿತ್ತು.

ಕಾನೂನು ಬೇರೊಂದು ಅಳತೆಯನ್ನು ಆಗಲೇ ಕೊಟ್ಟಿದೆ. ಸ್ವಾಯತ್ತ ಪ್ರದೇಶದ 1979ರ ಗೆರ್ನಿಕಾ ಶಾಸನ ಎವುಸ್ಕರವನ್ನೂ ಸ್ಪ್ಯಾನಿಷನ್ನೂ ಅಧಿಕೃತ ಭಾಷೆಗಳೆಂದು ಘೋಷಿಸಿದರೂ, ರಾಜಕೀಯ ಅರ್ಥದಲ್ಲಿ ಬಾಸ್ಕ್ ಎನಿಸಿಕೊಳ್ಳಲು ಕೇಳುವುದು ಅಲ್ಲಿನ ಯಾವುದಾದರೊಂದು ಊರಿನ ವಾಸವನ್ನಷ್ಟೆ. ಬಾಸ್ಕ್ ನಾಡಿನ ಆಟಗಾರರನ್ನೇ ಆಡಿಸುವ ಹಟ ತೊಟ್ಟಿರುವ ಬಿಲ್ಬಾವೊದ ಅಥ್ಲೆಟಿಕ್ ಫುಟ್ಬಾಲ್ ಕ್ಲಬ್ಬು ಕೂಡ ನೋಡುವುದು ಆಟಗಾರ ಹುಟ್ಟಿದ ಅಥವಾ ಆಟದಲ್ಲಿ ಪಳಗಿದ ನೆಲವನ್ನು. ಘಾನಾದಿಂದ ವಲಸೆ ಬಂದ ದಂಪತಿಗೆ ಬಿಲ್ಬಾವೊದಲ್ಲಿ ಹುಟ್ಟಿದ ಇನ್ಯಾಕಿ ವಿಲಿಯಮ್ಸ್, ಪಾಂಪ್ಲೋನಾದಲ್ಲಿ ಹುಟ್ಟಿದ ಅವರ ತಮ್ಮ ನಿಕೊ ಇಬ್ಬರೂ ಆ ಕ್ಲಬ್ಬಿನ ಕೆಂಪು-ಬಿಳಿ ಪಟ್ಟೆಯ ಅಂಗಿ ತೊಟ್ಟವರು. ದೇಶದ ತಂಡಗಳು ಆಡುವಾಗ ಅಣ್ಣ ಘಾನಾದ ಪರ, ತಮ್ಮ ಸ್ಪೇನಿನ ಪರ.