ಆಟ ತೆಗೆದು ಹಾಡು ಹಾಕಬೇಡಿ

ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 28ರಂದು 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಚಿಕ್ಕಮಗಳೂರೂ ಇದೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮಗಳು ಹೆಚ್ಚಬೇಕು ಎಂಬುದು ಸರ್ಕಾರ ಮುಂದಿಟ್ಟ ಕಾರಣಗಳಲ್ಲಿ ಒಂದು. ಹಾಗಿದ್ದರೆ ಕಡೂರು, ತರೀಕೆರೆ, ಅಜ್ಜಂಪುರದ ನಾವು ಈಗಲೇ ಕೇಳಬೇಕು: ಆ ವಾಹಿನಿಯಲ್ಲಿ ನಮ್ಮೂರ ಆಟಕ್ಕೆ ಜಾಗ ಇರುತ್ತದೆಯೋ, ಬೆಂಗಳೂರಿನಲ್ಲಿ ತಿರುಗುವ ಅವೇ ಸಿನಿಮಾ ಹಾಡುಗಳು ಇಲ್ಲೂ ತಿರುಗುತ್ತವೆಯೋ?

ಉತ್ತರ ಸಿದ್ಧವಾಗಿಯೇ ಇದೆ. ಆಟಕ್ಕೆ ಕೇಳುಗರಿಲ್ಲ, ಜಾಹೀರಾತು ಬರುವುದಿಲ್ಲ, ಹಾಡು ಹಾಕಿದರೆ ನಷ್ಟವಿಲ್ಲ. ಜಗತ್ತಿನ ಎಲ್ಲೆಡೆ ಕ್ರೀಡಾ ಬಾನುಲಿ ಕಷ್ಟಕ್ಕೆ ಸಿಕ್ಕಾಗ ಇದೇ ಮಾತು ಕೇಳಿಬಂದಿದೆ. ನ್ಯೂಜಿಲೆಂಡಿನ ‘ರೇಡಿಯೊ ಸ್ಪೋರ್ಟ್’ ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 30ರಂದು, ದಿಢೀರನೆ ನಿಂತಿತು. ಮರುವರ್ಷ ಫೆಬ್ರುವರಿಯಲ್ಲಿ ಕೆನಡಾದ ವ್ಯಾಂಕೂವರಿನ ‘ಟಿಎಸ್‌ಎನ್ 1040’ ಬಾಗಿಲು ಹಾಕಿ, ಆ ಅಲೆಯನ್ನು ಹಾಸ್ಯ ವಾಹಿನಿಗೆ ಬಿಟ್ಟುಕೊಡಲಾಯಿತು. ಆದರೆ ನ್ಯೂಯಾರ್ಕಿನ ‘ಡಬ್ಲ್ಯುಎಫ್‌ಎಎನ್’ ಕಥೆಯನ್ನೂ ನೆನೆಯಬೇಕು. 1987ರ ಜುಲೈ 1ರಂದು ದಿನವಿಡೀ ಆಟದ ಮಾತಾಡಲು ಹೊರಟ ಈ ವಾಹಿನಿ ಮುಳುಗಿಯೇ ಹೋಗುತ್ತದೆ ಎಂದವರೇ ಹೆಚ್ಚು. ಮೊದಮೊದಲು ನಷ್ಟವೂ ಆಯಿತು. ಮಾಲೀಕರು ಹಾಡಿಗೆ ಓಡದೆ, ಮರುವರ್ಷ ಒಳ್ಳೆಯ ಕಂಪನಾಂಕಕ್ಕೆ ಸ್ಥಳಾಂತರಿಸಿದರು. ಮುಂದೆ ಅಮೆರಿಕದಲ್ಲಿ ಅತಿ ಹೆಚ್ಚು ವರಮಾನ ತರುವ ವಾಹಿನಿಗಳ ಸಾಲಿಗೆ ಅದು ಸೇರಿತು.

ನಮ್ಮಲ್ಲಿ ಅಂಥ ಪ್ರಯೋಗಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. 2011ರ ಮೂರನೇ ಹಂತದ ಎಫ್‌ಎಂ ನೀತಿಯ ಪ್ರಕಾರ ಖಾಸಗಿ ವಾಹಿನಿ ಪಂದ್ಯಗಳ ಮಾಹಿತಿ ಹೇಳಬಹುದು, ನೇರ ಪ್ರಸಾರ ಮಾಡುವಂತಿಲ್ಲ. 2007ರ ಕ್ರೀಡಾ ಪ್ರಸಾರ ಸಂಕೇತ ಕಾಯ್ದೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎನ್ನುತ್ತದೆ. ಖಾಸಗಿ ಎಫ್‌ಎಂಗೆ ಅದರಿಂದ ಏನೂ ದಕ್ಕುವುದಿಲ್ಲ. ಹಾಡಿನ ದಾರಿಯಾದರೋ ಸಲೀಸು. 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ಸಂಗೀತ ಕಂಪನಿಗಳಿಗೆ ಎಫ್‌ಎಂಗಳು ಕೊಡಬೇಕಾದ ರಾಯಧನವನ್ನು ನಿವ್ವಳ ಜಾಹೀರಾತು ವರಮಾನದ ಶೇ 2ಕ್ಕೆ ಇಳಿಸಿತು. ಹತ್ತು ವರ್ಷ ಅದೇ ದರ ನಡೆಯಿತು. ಒಬ್ಬನ ಕೈಕಟ್ಟಿ ಕುಸ್ತಿಗೆ ಬಿಟ್ಟು, ಅವನು ಬಿದ್ದ ಕೂಡಲೇ ‘ಇವನಿಗೆ ತಾಕತ್ತಿಲ್ಲ’ ಅನ್ನುವುದು ಯಾವ ನ್ಯಾಯ?

ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಜುಲೈ 23ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದರು. 35 ರನ್ ಹೊಡೆದರು, ಭಾರತ 9 ರನ್‌ಗಳಿಂದ ಸೋತಿತು. ಅದಕ್ಕೂ ಮೊದಲು, ಸೆಮಿಫೈನಲ್ ಸೇರಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ವಿರುದ್ಧದ ಪಂದ್ಯದಲ್ಲಿ 45 ಎಸೆತಕ್ಕೆ 70 ಬಾರಿಸಿದ್ದವರು ಅವರೇ. ಆ ದಿನ ಚಿಕ್ಕಮಗಳೂರಿನಲ್ಲಿ ಖಾಸಗಿ ಎಫ್‌ಎಂ ಇದ್ದಿದ್ದರೂ ತನ್ನ ಜಿಲ್ಲೆಯ ಮಗಳ ಆಟವನ್ನು ಕನ್ನಡದಲ್ಲಿ ನೇರವಾಗಿ ಹೇಳಲು ನೀತಿ ಬಿಡುತ್ತಿರಲಿಲ್ಲ. ಹಾಡು ಹಾಕಿಕೊಂಡು ಕೂರಬೇಕಿತ್ತು. ಇದು ನನಗೆ ಸಹಿಸಲಾಗದ ಸಂಗತಿ.

ಆದರೂ ಅದೇ ನೀತಿಯಲ್ಲಿ ಒಂದು ಕಿಂಡಿ ಇದೆ: ಸ್ಥಳೀಯ ಸ್ವರೂಪದ ಪಂದ್ಯಗಳ ನೇರ ವೀಕ್ಷಕ ವಿವರಣೆಗೆ ಅನುಮತಿ ಕೊಡಬಹುದು. ಜಾಹೀರಾತಿಲ್ಲ ಎನ್ನುವವರು ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಒಮ್ಮೆ ಬರಲಿ. ಅಂಕಣದ ಪಕ್ಕ ಮೈಕ್ ಹಿಡಿದ ಹುಡುಗ ರೈಡರ್‌ನ ಊರು, ಅವನಪ್ಪನ ಹೆಸರು ಎಲ್ಲ ಹೇಳಿ, ‘ಎಡಗಡೆ ಮೂಲೆ ಖಾಲಿ ಐತೆ, ನೋಡ್ರಪ್ಪಾ’ ಎಂದು ಉಸಿರು ಬಿಗಿಹಿಡಿಸುತ್ತಾನೆ. ರೈಡ್ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಗೊಬ್ಬರದಂಗಡಿ, ಬೋರ್‌ವೆಲ್ ಏಜೆನ್ಸಿ, ಟ್ರ್ಯಾಕ್ಟರ್ ಷೋರೂಂ, ಬಟ್ಟೆ ಅಂಗಡಿಯ ಹೆಸರುಗಳನ್ನು ಓದಿಬಿಡುತ್ತಾನೆ. ಮುಂದಿನ ಸೂಪರ್ ಟ್ಯಾಕಲ್‌ಗೆ ಐನೂರ ಒಂದು ರೂಪಾಯಿ ಎಂದು ಯಾರೋ ಚೀಟಿ ಕಳಿಸುತ್ತಾರೆ. ಇದು ಜಾಹೀರಾತಲ್ಲದೆ ಮತ್ತೇನು? ದುಡ್ಡು ಕೊಡುವ ಅಂಗಡಿಯವರಿದ್ದಾರೆ, ವಿವರಣೆ ಕೊಡುವ ನಾಲಿಗೆ ಇದೆ, ಬೆಳಗಿನ ಜಾವದವರೆಗೆ ಕೂರುವ ಜನ ಇದ್ದಾರೆ. ಇಲ್ಲದಿರುವುದು ಆ ದನಿಯನ್ನು ಮುಂದಿನ ಊರಿಗೆ ಮುಟ್ಟಿಸುವ ಬಾನುಲಿ ಮಾತ್ರ.

ಹಾಡನ್ನು ನಾನು ಕೀಳಾಗಿ ಕಾಣುತ್ತಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಹೊಸದರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಹೊರದೂಡಿದಾಗ ಕೇಳುಗರು ರೇಡಿಯೊ ಸಿಲೋನ್ ಕಡೆ ಹೋದರು. ಸರ್ಕಾರವೇ 1957ರಲ್ಲಿ ವಿವಿಧ ಭಾರತಿ ಶುರುಮಾಡಬೇಕಾಯಿತು. ಜನರಿಗೆ ಬೇಕಾದ್ದನ್ನು ಕೊಡದಿದ್ದರೆ ಅವರು ಸಿಗುವ ಕಡೆ ಹೋಗುತ್ತಾರೆ. ಅಂದು ಸಿಗದಿದ್ದದ್ದು ಹಾಡು. ಇಂದು ಹಾಡು ಪ್ರತಿ ಮೊಬೈಲಿನಲ್ಲೂ ಇದೆ, ಬೇಕಾದಾಗ, ಬೇಕಾದದ್ದೇ. ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ತನ್ನ ಮಗ ತಾಲ್ಲೂಕು ಮಟ್ಟದ ಖೊಖೊದಲ್ಲಿ ಹೇಗೆ ಓಡಿದ ಎಂದು ಹೇಳುವ ಆ್ಯಪ್ ಯಾವುದೂ ಇಲ್ಲ.

ಚಿಕ್ಕಮಗಳೂರಿಗೆ ವಾಹಿನಿ ಬಂದರೆ ಅದು ತರೀಕೆರೆಗೂ ಕೇಳುತ್ತದೆ ಎಂಬ ಭ್ರಮೆ ಬೇಡ. ಎಫ್‌ಎಂ ಅಲೆ ನೇರ ಸಾಗುವಂಥದ್ದು, ನಡುವೆ ಬಾಬಾಬುಡನ್‌ಗಿರಿ ಸಾಲು ಅಡ್ಡ ನಿಂತಿದೆ. ತರೀಕೆರೆಗೆ ಹತ್ತಿರದ ಕೇಂದ್ರ 1965ರಿಂದ ನಡೆದುಬಂದಿರುವ ಭದ್ರಾವತಿ ಆಕಾಶವಾಣಿ, 103.5. ಪ್ರಸಾರ ಭಾರತಿಗಿರುವ 1990ರ ಕಾಯ್ದೆಯ 12ನೇ ಸೆಕ್ಷನ್ ಆಟೋಟಗಳಿಗೆ ಸಾಕಷ್ಟು ಪ್ರಸಾರ ಕೊಡುವುದನ್ನು ಕರ್ತವ್ಯವೆಂದೇ ಹೇಳಿದೆ. ಆ ಸಾಲನ್ನು ದೆಹಲಿಯ ಹಾಕಿ, ಮುಂಬೈ ಕ್ರಿಕೆಟ್ಟಿಗೆ ಮೀಸಲಿಟ್ಟವರು ಯಾರು? ವಾರಕ್ಕೊಂದು ಸಂಜೆ ಕಡೂರಿನ ಕಬಡ್ಡಿ, ಜಾತ್ರೆಯ ಕುಸ್ತಿಯ ವಿವರಣೆ ಭದ್ರಾವತಿಯಿಂದ ಬಂದರೆ ಆಕಾಶವಾಣಿಯ ಘನತೆ ಕುಗ್ಗುವುದಿಲ್ಲ. ಇನ್ನು ಸಮುದಾಯ ಬಾನುಲಿಯ ನೀತಿ ಶಿಕ್ಷಣ ಸಂಸ್ಥೆಗಳಿಗೂ ಸ್ವಯಂಸೇವಾ ಸಂಘಗಳಿಗೂ ಪರವಾನಗಿ ಕೊಡುತ್ತದೆ, ಕನಿಷ್ಠ ಅರ್ಧ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು ಎನ್ನುತ್ತದೆ. ಮೂರು ತಾಲ್ಲೂಕಿನ ಯಾವ ಕಾಲೇಜಾದರೂ ಅರ್ಜಿ ಹಾಕಬಹುದು.

ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ತರೀಕೆರೆ–ಅಜ್ಜಂಪುರ ಉಡುಪಿ–ಚಿಕ್ಕಮಗಳೂರಿಗೆ. ಹಾಗಾಗಿ ನಮಗೆ ಇಬ್ಬರು ಸಂಸದರು. ಚಿಕ್ಕಮಗಳೂರಿನ ಪರವಾನಗಿಯ ಷರತ್ತಿನಲ್ಲಿ ಸ್ಥಳೀಯ ಪಂದ್ಯಗಳ ನೇರ ವಿವರಣೆಗೆ ಇಂತಿಷ್ಟು ಹೊತ್ತು ಎಂದು ಬರೆಸುವುದು, ಖಾಸಗಿ ಎಫ್‌ಎಂಗಳ ಮೇಲಿನ ನೇರ ಪ್ರಸಾರದ ನಿಷೇಧವನ್ನು ತೆಗೆಸುವುದು, ಈ ಎರಡು ಬೇಡಿಕೆಗಳನ್ನು ಇಬ್ಬರೂ ಒಟ್ಟಾಗಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮುಂದಿಡಬೇಕು. ನಮ್ಮ ಕಬಡ್ಡಿ ಸಂಘಗಳು, ಕ್ರಿಕೆಟ್ ಕ್ಲಬ್‌ಗಳು, ಗರಡಿ ಮನೆಗಳು ಅವರಿಗೆ ಮನವಿ ಬರೆಯಬೇಕು.