ಕೊರಳಲ್ಲೊಂದು ತುರ್ತು ಬಾಗಿಲು

ನಿಮ್ಮ ಕೊರಳ ಮುಂಭಾಗದ ಗಂಟಿನ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿ. ಗಂಡಸರಲ್ಲಿ ಅದು ಎದ್ದು ಕಾಣುತ್ತದೆ, ಹೆಂಗಸರಲ್ಲಿ ಕೊಂಚ ತಡಕಬೇಕು. ಬೆರಳನ್ನು ಕೆಳಕ್ಕೆ ಜಾರಿಸಿದರೆ ಒಂದು ಸಣ್ಣ ತಗ್ಗು, ಅದರಾಚೆಗೆ ಉಂಗುರದಂಥ ಇನ್ನೊಂದು ಗಟ್ಟಿ ಭಾಗ ಸಿಗುತ್ತದೆ. ಮೇಲಿನದು ಥೈರಾಯ್ಡ್ ಮೃದ್ವಸ್ಥಿ, ಕೆಳಗಿನದು ಕ್ರೈಕಾಯ್ಡ್ ಮೃದ್ವಸ್ಥಿ. ನಡುವೆ ಇರುವುದು ಸುಮಾರು ಒಂದು ಸೆಂಟಿಮೀಟರ್ ಎತ್ತರದ ಪೊರೆ. ಅದರ ಹಿಂದೆಯೇ ಉಸಿರಿನ ದಾರಿ.

ಮೂಗು, ಬಾಯಿಗಳಿಂದ ಗಾಳಿ ಒಳಹೋಗದೆ, ಬೇರೆ ಯಾವ ಉಪಾಯವೂ ಫಲಿಸದಾಗ ವೈದ್ಯರಿಗೆ ಉಳಿಯುವ ಕೊನೆಯ ಬಾಗಿಲು ಈ ಪೊರೆ. ಅದನ್ನು ಕೊಯ್ದು ನಳಿಕೆ ಇಳಿಸುವುದಕ್ಕೆ ಕ್ರೈಕೋಥೈರಾಟಮಿ ಎಂದು ಹೆಸರು. ಅಪಘಾತದಲ್ಲಿ ಮುಖ ಜಜ್ಜಿಹೋದವರಿಗೆ, ಜೇನು ಕಚ್ಚಿ ಗಂಟಲು ಊದಿದವರಿಗೆ, ಹುಳುಕು ಹಲ್ಲಿನ ಕೀವು ಕೊರಳಿಗೆ ಇಳಿದವರಿಗೆ ಇದು ಬೇಕಾಗಬಹುದು. ಚನ್ನಗಿರಿಯಂಥ ಅಡಿಕೆ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಬಾಯಿಯ ಒಳಪದರ ನಾರುಗಟ್ಟಿ, ಎರಡು ಬೆರಳೂ ಹಿಡಿಸದಷ್ಟು ಬಾಯಿ ಬಿಗಿಯುವುದುಂಟು. ಅಂಥವರಿಗೆ ಉಸಿರು ಕಟ್ಟಿದರೆ ಬಾಯಿಂದ ನಳಿಕೆ ಇಳಿಸುವುದೇ ದುಸ್ತರ.

ಇಲ್ಲಿ ಲೆಕ್ಕ ಬಲು ಸರಳ. ಆಮ್ಲಜನಕ ಸಿಗದ ಮಿದುಳು ನಾಲ್ಕೈದು ನಿಮಿಷಗಳಲ್ಲಿ ಕೆಡತೊಡಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಆಂಬುಲೆನ್ಸ್ ಎಷ್ಟೇ ವೇಗವಾಗಿ ಓಡಿದರೂ ಅರ್ಧ ಗಂಟೆಯಾದರೂ ಬೇಕು. ಹೀಗಾಗಿ ದೊಡ್ಡ ಆಸ್ಪತ್ರೆಯ ತಜ್ಞರಿಗಿಂತ ಹೆಚ್ಚಾಗಿ ಈ ವಿದ್ಯೆ ಬೇಕಾದದ್ದು ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ. ಆದರೆ ಇಡೀ ವೃತ್ತಿಜೀವನದಲ್ಲಿ ಅವರಿಗೆ ಇಂಥ ರೋಗಿ ಒಮ್ಮೆ ಎದುರಾದರೆ ಹೆಚ್ಚು. ನಿಜವಾದ ಸಮಸ್ಯೆ ಇರುವುದು ಇಲ್ಲೇ. ರೋಗಿಯ ಮೇಲೆ ಮಾಡಿ ಕಲಿಯಲು ಅವಕಾಶವಿಲ್ಲ, ಕಲಿಯದೆ ಮಾಡಲು ಕೈ ಬರುವುದಿಲ್ಲ.

ಈ ವಿಧಾನ ಹೊಸದೇನಲ್ಲ. ಇದರಿಂದ ಮುಂದೆ ಉಸಿರಿನ ದಾರಿ ಕಿರಿದಾಗುತ್ತದೆಂದು ಅಮೆರಿಕದ ಷೆವಲಿಯರ್ ಜಾಕ್ಸನ್ 1921ರಲ್ಲಿ ಎಚ್ಚರಿಸಿದ ಮೇಲೆ ಅದು ದಶಕಗಳ ಕಾಲ ಮೂಲೆಗುಂಪಾಗಿತ್ತು. 1976ರಲ್ಲಿ ಬ್ರಾಂಟಿಗನ್ ಮತ್ತು ಗ್ರೋ 655 ರೋಗಿಗಳ ಅನುಭವವನ್ನು ಪ್ರಕಟಿಸಿ ಅದಕ್ಕೆ ಮರುಜೀವ ಕೊಟ್ಟರು. 2015ರ ಬ್ರಿಟಿಷ್ ಮಾರ್ಗಸೂಚಿ ಸಲಕರಣೆಯನ್ನು ಮೂರಕ್ಕೆ ಇಳಿಸಿತು: ಒಂದು ಶಸ್ತ್ರಚಿಕಿತ್ಸೆಯ ಚಾಕು, ದಾರಿ ತೋರಿಸಲು ಬೂಜಿ ಎಂಬ ಬಳುಕುವ ಕಡ್ಡಿ, 6 ಮಿ.ಮೀ. ಒಳವ್ಯಾಸದ ನಳಿಕೆ. ಚಿಕ್ಕ ಮಕ್ಕಳಲ್ಲಿ ಪೊರೆ ತೀರ ಕಿರಿದು, ಅವರಿಗೆ ಕ್ರಮ ಬೇರೆ.

ಇಷ್ಟನ್ನು ಕಲಿಯಲು ಎಷ್ಟು ಸಲ ಮಾಡಬೇಕು? ಕೆನಡಾದಲ್ಲಿ 102 ಅರಿವಳಿಕೆ ತಜ್ಞರಿಂದ ಬೊಂಬೆಯ ಮೇಲೆ ತಲಾ ಹತ್ತು ಸಲ ಮಾಡಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಐದನೇ ಸಲಕ್ಕೆ ನೂರರಲ್ಲಿ 96 ಮಂದಿ ನಲವತ್ತು ಸೆಕೆಂಡುಗಳೊಳಗೆ ಮುಗಿಸಿದ್ದರು. ಬೊಂಬೆ ದುಬಾರಿಯೆಂಬ ನೆಪವೂ ಬೇಡ. ಕುರಿ, ಮೇಕೆಗಳ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳದ ಮೇಲೆ ಅಭ್ಯಾಸ ಮಾಡಿಸುವುದು ಹಲವೆಡೆ ರೂಢಿಯಲ್ಲಿದೆ. ಮಾಂಸದಂಗಡಿಯಲ್ಲಿ ಸಿಗುವ ವಸ್ತು ಅದು. ಆದರೆ ಒಮ್ಮೆ ಕಲಿತರೆ ಸಾಲದು. ಮಗ್ಗಿಯಂತೆ ಇದೂ ಹೇಳದೇ ಇದ್ದರೆ ಮರೆತುಹೋಗುತ್ತದೆ.

ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ ಇದೆ. ಅಲ್ಲಿನಂಥ ಅರಿವಳಿಕೆ ತಜ್ಞರೊಬ್ಬರು ಆರು ತಿಂಗಳಿಗೊಮ್ಮೆ ಈ ನಾಲ್ಕು ಊರುಗಳಿಗೆ ಬಂದು, ವೈದ್ಯರು ಮತ್ತು ದಾದಿಯರನ್ನು ಕೂಡಿಸಿ ಅರ್ಧ ದಿನ ಕೈಪಳಗಿಸಿದರೆ ಸಾಕು. ಚಾಕು ಎತ್ತಿಕೊಡುವವರಿಗೂ ಕ್ರಮ ಗೊತ್ತಿರಬೇಕಲ್ಲವೆ? ಮೂರು ಸಲಕರಣೆಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ, ಕಣ್ಣಿಗೆ ಬೀಳುವಲ್ಲಿ ತೂಗುಹಾಕಬೇಕು. ಬೀಗದ ಕಪಾಟು ಇದಕ್ಕೆ ಸಲ್ಲದು.

ಇದು ವೈದ್ಯರ ಕೆಲಸ, ಮನೆಯಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬಾರದು. ನಾವು ಮಾಡಬಹುದಾದದ್ದು ಬೇರೆ ಇದೆ. ನಿಮ್ಮೂರ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪರಿಚಿತರಿದ್ದರೆ, ಗೋಡೆಗೆ ಬಣ್ಣ ಯಾವಾಗ ಎಂದು ಕೇಳುವ ಮೊದಲು ಆ ಪೊಟ್ಟಣ ಎಲ್ಲಿದೆ, ಅದನ್ನು ಬಳಸುವ ಅಭ್ಯಾಸ ಕೊನೆಯ ಸಲ ನಡೆದದ್ದು ಯಾವಾಗ ಎಂದು ಕೇಳಿ.